ಬೈಗುಳ ಬೇಡದ ಸ್ಕ್ರೂ

ಸ್ಕ್ರೂ ಒಂದೇ ತಿರುವಿಗೆ ಬಿಚ್ಚಿಕೊಂಡಿತು.

ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದ ಚಿಕ್ಕಮ್ಮ ಹಾಗೆಯೇ ಕೈ ತಡೆದಳು. ಕೈಯಲ್ಲಿದ್ದ ಸ್ಕ್ರೂಡ್ರೈವರಿನ ತುದಿಯನ್ನು ನೋಡಿದಳು. ಚಕ್ರ ಕಳಚಿದ ಜಾಗದಲ್ಲಿ ಕಾಣುತ್ತಿದ್ದ ಬ್ರೇಕಿನ ಡಿಸ್ಕನ್ನು ನೋಡಿದಳು. ಆಮೇಲೆ ಅಂಗೈಗೆ ಬಂದು ಬಿದ್ದಿದ್ದ ಪುಟ್ಟ ಸ್ಕ್ರೂವನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

"ಬಂತಾ?" ಎಂದಳು ಗುಬ್ಬಿ.

"ಬಂತು. ಅದೇ ನೋಡು ನನಗೆ ಅನುಮಾನ."

ಕೆಸರು, ಹೊಳೆ, ಕಲ್ಲು ಎನ್ನದೆ ನುಗ್ಗುವ ಜೀಪಿನಂಥ ಗಾಡಿಗಳ ಹಿಂಬದಿಯ ಡಿಸ್ಕಿನಲ್ಲಿ ಈ ಪುಟ್ಟ ಸ್ಕ್ರೂ ಒಂದು ಮಳೆಗಾಲ ಕಳೆಯುವುದರೊಳಗೆ ಬೇರು ಬಿಟ್ಟು ಕೂತಿರುತ್ತದೆ. ಅದನ್ನು ಕೀಳಲು ಚಿಕ್ಕಮ್ಮನದು ಒಂದು ಕ್ರಮವಿತ್ತು. ಮೊದಲು ಎಣ್ಣೆ, ಆಮೇಲೆ ಸುತ್ತಿಗೆಯ ಪೆಟ್ಟು, ಆಮೇಲೆ ಬೈಗುಳ. ಬೈಗುಳ ಒಟ್ಟು ಮೂರು. ಮೊದಲನೆಯದು "ಹಾಳಾದ್ದೇ". ಎರಡನೆಯದು "ಮೊಂಡು ಮೂತಿಯವನೇ". ಮೂರನೆಯದನ್ನು ಅಚ್ಚು ಹಾಕುವಂತಿಲ್ಲ. ಎರಡನೆಯದು ಮುಗಿಯುವ ಮೊದಲೇ ಶರಣಾದ ಸ್ಕ್ರೂವನ್ನು ಆ ಗ್ಯಾರೇಜು ಕಂಡಿರಲಿಲ್ಲ. ಪಕ್ಕದ ಅಂಗಡಿಯ ಟೈಲರಿಗೂ ಇದು ಎಷ್ಟು ಅಭ್ಯಾಸವಾಗಿತ್ತೆಂದರೆ, ಮೂರನೆಯದು ಕೇಳಿಸಿದ ಕೂಡಲೇ ಮಿಷನ್ ನಿಲ್ಲಿಸಿ, "ಬಂತಾ ಅಕ್ಕಾ?" ಎಂದು ಗೋಡೆಯಾಚೆಯಿಂದಲೇ ವಿಚಾರಿಸುತ್ತಿದ್ದ.

ಇಂದು ಟೈಲರಿನ ಮಿಷನ್ ಒಂದೇ ಸಮನೆ ಓಡುತ್ತಿತ್ತು.

"ಎಣ್ಣೆ ಬಿಟ್ಟಿದ್ಯಾ ಇದಕ್ಕೆ?"

"ಇಲ್ಲ ಚಿಕ್ಕಮ್ಮ. ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇದೆ."

ಗುಬ್ಬಿ ಚಿಕ್ಕಮ್ಮನ ಅಕ್ಕನ ಮಗಳು. ಡಿಗ್ರಿ ಮುಗಿಸಿದ್ದಳು. ಆದರೆ ಹೊರಗಿನವರ ಎದುರು ಬಾಯಿ ತೆರೆಯಬೇಕೆಂದರೆ ಗಂಟಲು ಕಟ್ಟುತ್ತಿತ್ತು. ಹೋದ ಸಂದರ್ಶನಗಳಲ್ಲೆಲ್ಲ ತನ್ನ ಹೆಸರು ಹೇಳುವಷ್ಟರಲ್ಲೇ ಸುಸ್ತಾಗಿ ಬಂದಿದ್ದಳು. ಸದ್ಯಕ್ಕೆ ಚಿಕ್ಕಮ್ಮನ ಗ್ಯಾರೇಜಿನಲ್ಲಿ ನಟ್ಟು ಬಿಚ್ಚುವ ಪಾನ ಎತ್ತಿಕೊಡುವುದು, ಫೋನು ಬಂದರೆ ಚಿಕ್ಕಮ್ಮನ ಕಿವಿಗೆ ಹಿಡಿಯುವುದು, ಉಳಿದ ಹೊತ್ತು ನೋಡುತ್ತ ಕೂರುವುದು ಅವಳ ಕೆಲಸ. ನೋಡುವುದರಲ್ಲಿ ಮಾತ್ರ ಅವಳನ್ನು ಮೀರಿಸುವವರು ಇರಲಿಲ್ಲ. ಅವಳು ಮಾತಾಡುವುದಿಲ್ಲ ಎಂದೇ ಜನ ಅವಳ ಎದುರು ಎಲ್ಲವನ್ನೂ ಮಾತಾಡಿಬಿಡುತ್ತಿದ್ದರು. ಹೋದ ವಾರ ಈ ಪತ್ತೇದಾರಿಕೆ ಅವಳ ತಲೆಗೆ ಬಂದು ಕೂತದ್ದೂ ಹಾಗೆಯೇ.

ಬೆಟ್ಟದ ಮೇಲಿನ ನಕ್ಷತ್ರ ವೀಕ್ಷಣಾಲಯದಿಂದ ದೊಡ್ಡ ದುರ್ಬೀನಿನ ಮಸೂರ ಮಾಯವಾಗಿತ್ತು. ಅಲ್ಲಿಯ ಕಾವಲುಗಾರ ಚಿಕ್ಕಪ್ಪ. ಇವತ್ತು ಸಂಜೆಯೊಳಗೆ ಬೇರೆ ಸುಳಿವು ಸಿಗದಿದ್ದರೆ ಅವನನ್ನು ಠಾಣೆಗೆ ಕರೆದೊಯ್ಯುವುದಾಗಿ ಇನ್ಸ್‌ಪೆಕ್ಟರು ಹೇಳಿಹೋಗಿದ್ದರು.

"ಇನ್ನೊಂದು ಸಲ ಹೇಳು," ಎಂದಳು ಚಿಕ್ಕಮ್ಮ, ಸ್ಕ್ರೂವನ್ನು ಬಟ್ಟಲಿಗೆ ಹಾಕುತ್ತ. "ಆ ಇನ್ಸ್‌ಪೆಕ್ಟರ ಲೆಕ್ಕಾಚಾರ ನನ್ನ ತಲೆಗೆ ಹತ್ತಲ್ಲ."

"ಮಸೂರದ ಪೆಟ್ಟಿಗೆ ಒಬ್ಬರು ಹೊತ್ತು ಇಳಿಸೋ ಅಂಥದ್ದಲ್ಲ. ಗಾಡಿ ಬೇಕು. ಡಾಂಬರು ರಸ್ತೆ ಕುಸಿದು ಮುಚ್ಚಿದೆ. ಉಳಿದಿರೋದು ಕಲ್ಲು ದಾರಿ. ಆ ದಾರಿ ಹತ್ತಿ ಇಳಿಯೋ ಗಾಡಿ ಇಲ್ಲಿ ಇದೊಂದೇ."

"ಕ್ಯಾಪ್ಟನ್‌ದು."

"ಹೂಂ. ಆದ್ರೆ ಕ್ಯಾಪ್ಟನ್ ಹೇಳಿದ್ದೇನು? ಹಿಂದಿನ ಬ್ರೇಕ್ ಪೂರ್ತಿ ಸವೆದು ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತಿದೆ, ಗಾಡಿ ಶೆಡ್ಡು ಬಿಟ್ಟು ಕದಲಿಲ್ಲ ಅಂತ. ಇನ್ಸ್‌ಪೆಕ್ಟರೂ ಹೋಗಿ ಬಗ್ಗಿ ನೋಡಿದ್ರು. ಡಿಸ್ಕ್ ತುಂಬ ಗೀರು. ಗಾಡಿ ಹೋಗಿಲ್ಲ ಅಂದ್ರೆ ಪೆಟ್ಟಿಗೆ ಬೆಟ್ಟ ಇಳಿದಿಲ್ಲ. ಇಳಿದಿಲ್ಲ ಅಂದ್ರೆ ಅಲ್ಲೇ ಎಲ್ಲೋ ಬಚ್ಚಿಟ್ಟಿದ್ದಾರೆ. ಬಚ್ಚಿಟ್ಟವರು..."

"ಕೀಲಿಕೈ ಇಟ್ಕೊಂಡವರು," ಎಂದು ಚಿಕ್ಕಮ್ಮ ಮಾತು ಮುಗಿಸಿದಳು. "ಮದುವೆ ಆದ ದಿನದಿಂದ ಇವತ್ತಿನವರೆಗೆ ಒಂದು ಸುಳ್ಳು ಹೇಳಿದ ಮನುಷ್ಯ ಅಲ್ಲ ಅದು. ನಾನು ಹೊಸ ಸೀರೆ ಉಟ್ಟು ಹೇಗಿದೆ ಅಂತ ಕೇಳಿದ್ರೆ, ಪರದೆ ಬಟ್ಟೆ ಇದ್ದ ಹಾಗಿದೆ ಅಂತಾರೆ. ಅಂಥವರು ಮಸೂರ ಕದ್ದು, ಬಚ್ಚಿಟ್ಟು, ಮನೆಗೆ ಬಂದು ಊಟ ಮಾಡಿ ನಿದ್ದೆ ಮಾಡ್ತಾರಾ? ಕದ್ದಿದ್ರೆ ಬಾಗಿಲಲ್ಲೇ ಹೇಳಿಬಿಡ್ತಿದ್ರು, ನೋಡೇ, ಇವತ್ತು ಕದ್ದೆ ಅಂತ."

ಗುಬ್ಬಿ ನಕ್ಕಳು. ನಕ್ಕರೂ ಒಳಗೊಳಗೆ ಅಳುಕಿತ್ತು. ಗೋಡೆ ಗಡಿಯಾರದ ಕಡೆ ನೋಡಬಾರದೆಂದು ಬೆಳಗಿನಿಂದ ಪಣ ತೊಟ್ಟಿದ್ದಳು.

ಎರಡನೆಯ ಸ್ಕ್ರೂ ಕೂಡ ತುಟಿ ಪಿಟಕ್ಕೆನ್ನದೆ ಬಂತು.

ಕೈಗೆ ಕೆಲಸವಿಲ್ಲದಿದ್ದರೆ ಚಿಕ್ಕಮ್ಮನ ತಲೆ ಓಡುತ್ತಿರಲಿಲ್ಲ. ಅನುಮಾನ ಬಂದರೂ ಅವಳು ಕೆಲಸ ನಿಲ್ಲಿಸಲಿಲ್ಲ. ಮುಂದಿನ ಚಕ್ರಗಳಿಗೆ ಕೊಟ್ಟಿದ್ದ ಮರದ ತುಂಡುಗಳನ್ನು ಕಾಲಿನಿಂದ ಒತ್ತಿ ನೋಡಿದಳು. ಹ್ಯಾಂಡ್‌ಬ್ರೇಕ್ ಇಳಿಸಿದೆಯೇ ಎಂದು ಗುಬ್ಬಿಯನ್ನು ಕೇಳಿದಳು. ಡಿಸ್ಕನ್ನು ಒತ್ತಿ ಚಕ್ರ ನಿಲ್ಲಿಸುವ ಪ್ಯಾಡುಗಳನ್ನು ಕಚ್ಚಿ ಹಿಡಿಯುವ ಕ್ಯಾಲಿಪರನ್ನು ಆಗಲೇ ಬಿಚ್ಚಿ, ಅದು ತನ್ನ ರಬ್ಬರ್ ಪೈಪಿಗೆ ಜೋತುಬೀಳದಂತೆ ಬಟ್ಟೆ ತೂಗುಹಾಕುವ ಹಳೆಯ ಹ್ಯಾಂಗರಿನಿಂದ ಮೇಲಕ್ಕೆ ಕಟ್ಟಿದ್ದಳು. ಆ ಹ್ಯಾಂಗರು ಚಿಕ್ಕಪ್ಪನ ಮದುವೆ ಕೋಟಿನದು. ಕೋಟು ಹೋಗಿ ಎಷ್ಟೋ ಕಾಲವಾಗಿತ್ತು, ಹ್ಯಾಂಗರು ಮಾತ್ರ ಗಟ್ಟಿಯಾಗಿತ್ತು.

"ಈಗ ಹಿಡ್ಕೋ. ಭಾರ ಇರುತ್ತೆ."

ಡಿಸ್ಕು ಕೂಡ ಹೊಡೆತ ಕೇಳಲಿಲ್ಲ. ಅಲ್ಲಾಡಿಸಿದ ಕೂಡಲೇ ತಟ್ಟೆಯ ಮೇಲಿನ ಮುಚ್ಚಳದಂತೆ ಕೈಗೆ ಬಂತು. ಅದರ ಹಿಂದೆ, ಡಿಸ್ಕು ಕೂರುವ ಹಬ್ಬಿನ ಮುಖ ಬೆಳ್ಳಗೆ ಹೊಳೆಯುತ್ತಿತ್ತು. ಯಾರೋ ತಂತಿಯ ಬ್ರಶ್ಶಿನಲ್ಲಿ ತಿಕ್ಕಿ, ತುಕ್ಕು ತೆಗೆದು, ತೆಳ್ಳಗೆ ಗ್ರೀಸು ಸವರಿದ್ದರು.

ಚಿಕ್ಕಮ್ಮ ಬೆರಳಿನಿಂದ ಗ್ರೀಸನ್ನು ಮುಟ್ಟಿ ಮೂಸಿದಳು.

"ಹೊಸ ಗ್ರೀಸು. ಇಷ್ಟು ಮುತುವರ್ಜಿಯಿಂದ ಹಬ್ಬು ತಿಕ್ಕಿದವನು ಇಂಥ ಹಾಳು ಡಿಸ್ಕು ಯಾಕೆ ಹಾಕ್ದ? ಸ್ನಾನ ಮಾಡಿ, ಗಂಧ ಪೂಸ್ಕೊಂಡು, ಕೊಳೆ ಅಂಗಿ ಹಾಕ್ಕೊಂಡ ಹಾಗಾಯ್ತು."

ಡಿಸ್ಕು ನಿಜಕ್ಕೂ ಹಾಳಾಗಿತ್ತು. ತುಕ್ಕಿನ ಬಣ್ಣ, ಮುಖದ ತುಂಬ ಸುತ್ತುಸುತ್ತಾಗಿ ಆಳವಾದ ಗೀರುಗಳು. ಚಿಕ್ಕಮ್ಮ ಅದನ್ನು ಗೋಣಿಯ ಮೇಲೆ ಮುಖ ಮೇಲಾಗಿ ಇಟ್ಟು, ಎಡಗಡೆಯ ಚಕ್ರದತ್ತ ಹೊರಳಿದಳು. ಹಳೆಯ ಪ್ಯಾಡುಗಳನ್ನು ಡಬ್ಬಕ್ಕೆ ಹಾಕುವುದು ಗುಬ್ಬಿಯ ಪಾಲಿಗೆ ಬಂತು.

ಅವಳು ಹಾಕಲಿಲ್ಲ.

ಪ್ಯಾಡನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಅದರ ಮೈ ಸವೆದು ಬರೀ ಕಬ್ಬಿಣದ ಹಲಗೆ ಉಳಿದಿತ್ತು. ಹಲಗೆಯ ಮೇಲೆ ಎರಡು ಏಣುಗಳಿದ್ದವು, ಅಂಗೈಯ ಗೆರೆಗಳ ಹಾಗೆ. ಸುಮ್ಮನೆ, ಮಕ್ಕಳು ಮುಚ್ಚಳಕ್ಕೆ ಡಬ್ಬ ಹುಡುಕುವಂತೆ, ಅದನ್ನು ಡಿಸ್ಕಿನ ಗೀರುಗಳ ಮೇಲೆ ಕೂರಿಸಿದಳು. ಕೂರಲಿಲ್ಲ. ಸ್ವಲ್ಪ ಮೇಲಕ್ಕೆ ಸರಿಸಿದಳು. ಕೂರಲಿಲ್ಲ. ಒಂದು ಕಾಲು ಗಿಡ್ಡವಾದ ಸ್ಟೂಲಿನಂತೆ ಪ್ಯಾಡು ಅತ್ತಿತ್ತ ಕುಲುಕಿತು.

"ಚಿಕ್ಕಮ್ಮ."

"ಏನು?"

"ಇವೆರಡೂ ಒಂದಕ್ಕೊಂದು ಉಜ್ಜಿ ಸವೆದಿದ್ದಲ್ವಾ?"

"ಮತ್ತೆ? ಡಿಸ್ಕು, ಪ್ಯಾಡು ಅಂದ್ರೆ ಗಂಡ ಹೆಂಡ್ತಿ ಇದ್ದ ಹಾಗೆ. ಸವೆದ್ರೆ ಜೊತೇಲೇ ಸವೀಬೇಕು. ಇವರಿಗೆ ಉಬ್ಬಿದ ಕಡೆ ಅವರಿಗೆ ತಗ್ಗು. ಕಣ್ಣು ಮುಚ್ಚಿ ಇಟ್ರೂ ಕೂತ್ಕೊಳ್ಳುತ್ತೆ."

"ಹಾಗಾದ್ರೆ ಇವರು ಗಂಡ ಹೆಂಡ್ತಿ ಅಲ್ಲ."

ಚಿಕ್ಕಮ್ಮ ಎಡಚಕ್ರವನ್ನು ಬಿಟ್ಟು, ಕುಳಿತಲ್ಲಿಂದಲೇ ಜಾರಿಕೊಂಡು ಬಂದಳು. ಪ್ಯಾಡನ್ನು ತಾನೇ ಇಟ್ಟು ನೋಡಿದಳು. ತಿರುಗಿಸಿ ನೋಡಿದಳು. ಅದರ ಜೊತೆಯದನ್ನು ಇಟ್ಟು ನೋಡಿದಳು. ಏಣು ಇದ್ದ ಕಡೆ ಡಿಸ್ಕಿನಲ್ಲೂ ಏಣು, ತಗ್ಗು ಇದ್ದ ಕಡೆ ತಗ್ಗು. ಅಪರಿಚಿತರಿಬ್ಬರನ್ನು ಒಂದೇ ಕುರ್ಚಿಯಲ್ಲಿ ಕೂರಿಸಿದಂತಿತ್ತು.

"ಅಯ್ಯೋ ನನ್ನ ಬಂಗಾರ," ಎಂದಳು ಚಿಕ್ಕಮ್ಮ, ಮೆಲ್ಲಗೆ.

"ಪ್ಯಾಡು ಈ ಗಾಡೀದೇ ಇರಬಹುದು," ಗುಬ್ಬಿಯ ಮಾತಿಗೆ ಈಗ ವೇಗ ಬಂದಿತ್ತು. "ಸವೆದಿದ್ದೂ ನಿಜ ಇರಬಹುದು. ಆದ್ರೆ ಈ ಡಿಸ್ಕು ಈ ಗಾಡೀಲಿ ಒಂದು ಸುತ್ತೂ ತಿರುಗಿಲ್ಲ. ಯಾರೋ ಸವೆದಿದ್ದನ್ನ ಬಿಚ್ಚಿ, ಒಳ್ಳೇದು ಹಾಕಿ, ಬೆಟ್ಟಕ್ಕೆ ಹೋಗಿ ಬಂದಿದ್ದಾರೆ. ಬಂದ ಮೇಲೆ ಒಳ್ಳೇದು ತೆಗೆದು ಹಾಳಾಗಿದ್ದು ಹಾಕಿದ್ದಾರೆ, ಗಾಡಿ ಕುಂಟು ಅಂತ ತೋರಿಸೋಕೆ. ಹಳೇ ಪ್ಯಾಡು ಇಟ್ಕೊಂಡಿದ್ರು. ಹಳೇ ಡಿಸ್ಕು ಎಸೆದುಬಿಟ್ಟಿದ್ರು ಅನ್ಸುತ್ತೆ. ಬೇರೆ ಎಲ್ಲಿಂದಲೋ ತಂದು ಹಾಕಿದ್ದಾರೆ."

"ಅದಕ್ಕೇ ಸ್ಕ್ರೂ ಬೈಗುಳ ಕೇಳಲಿಲ್ಲ. ಮೊನ್ನೆ ಮೊನ್ನೆ ಹಾಕಿದ್ದು, ಬೇರು ಬಿಡೋಕೆ ಹೊತ್ತೆಲ್ಲಿತ್ತು?" ಚಿಕ್ಕಮ್ಮ ಎದ್ದು ನಿಂತು, ಗ್ರೀಸು ಮೆತ್ತಿದ ಕೈಯನ್ನು ಮೇಲೆತ್ತಿಕೊಂಡು, ಮೊಣಕೈಯಿಂದಲೇ ಗುಬ್ಬಿಯ ತಲೆ ನೇವರಿಸಿದಳು. "ಗಾಡಿ ಬೆಟ್ಟ ಹತ್ತಿದೆ ಅಂದ್ರೆ ಪೆಟ್ಟಿಗೆ ಇಳಿದಿದೆ. ಪೆಟ್ಟಿಗೆ ಇಳಿದಿದೆ ಅಂದ್ರೆ ಇಳಿಸಿದವನು ಕ್ಯಾಪ್ಟನ್. ನಿಮ್ಮ ಚಿಕ್ಕಪ್ಪ ಗೆದ್ರು. ಸಂಜೆ ಆ ಇನ್ಸ್‌ಪೆಕ್ಟರು ಬರಲಿ, ಈ ಪ್ಯಾಡನ್ನ ಅವರ ಕೈಗೇ ಕೊಟ್ಟು ಕೂರಿಸಿ ಅಂತೀನಿ."

ಖುಷಿಯಾದರೆ ಚಿಕ್ಕಮ್ಮನ ಕೈ ಇನ್ನೂ ಚುರುಕಾಗುತ್ತಿತ್ತು. ಎಡಗಡೆಯ ಡಿಸ್ಕೂ ಬಂತು, ಅದರ ಪ್ಯಾಡೂ ಕೂರಲಿಲ್ಲ. ಅವಳು ಹೊಸ ಡಿಸ್ಕಿನ ಪೆಟ್ಟಿಗೆ ಒಡೆದಳು. ಮೊದಲನೆಯದನ್ನು ತೋರುಬೆರಳಿಗೆ ಬಳೆಯಂತೆ ನೇತುಹಾಕಿ ಪಾನದಿಂದ ತಟ್ಟಿದಳು.

ಠಣ್!

ಸದ್ದು ಗ್ಯಾರೇಜಿನ ತಗಡಿನ ಛಾವಣಿಯವರೆಗೂ ಏರಿ, ಬಹಳ ಹೊತ್ತು ಅಲ್ಲಿಯೇ ಸುತ್ತಿತು.

"ಒಳ್ಳೇ ಡಿಸ್ಕು ಹಾಡುತ್ತೆ. ಈಗ ಅದನ್ನ ತಟ್ಟು."

ಗುಬ್ಬಿ ಗೋಣಿಯ ಮೇಲಿದ್ದ ಹಳೆಯದನ್ನು ಎತ್ತಿ ತಟ್ಟಿದಳು. ಡಬ್ ಎಂದಿತು, ಮಡಕೆಗೆ ಮೊಟಕಿದ ಹಾಗೆ.

"ಒಳಗೆ ಬಿರುಕು ಬಿಟ್ಟಿದೆ. ಇಂಥದ್ದನ್ನ ಹಾಕ್ಕೊಂಡು ಆ ಕಲ್ಲು ದಾರಿ ಇಳಿದ್ರೆ ಮಸೂರನೂ ಉಳಿಯಲ್ಲ, ಮನುಷ್ಯನೂ ಉಳಿಯಲ್ಲ. ಮುಂದಿನ ಬ್ರೇಕು ಮಾತ್ರ ಹಿಡಿದ್ರೆ ಮುಂದಿನ ಚಕ್ರ ಕಲ್ಲಿನ ಮೇಲೆ ಜಾರಿಬಿಡುತ್ತೆ, ಸ್ಟೇರಿಂಗ್ ಮಾತು ಕೇಳಲ್ಲ. ಅಂದ್ರೆ ಅವತ್ತು ಗಾಡೀಲಿ ಇದ್ದಿದ್ದು ಹಾಡೋ ಡಿಸ್ಕೇ."

"ಅದೀಗ ಎಲ್ಲಿದೆ?"

"ಅದನ್ನ ಕ್ಯಾಪ್ಟನ್‌ನೇ ಕೇಳೋಣ. ನೀನು ಬಾನೆಟ್ ಹತ್ರ ನಿಂತ್ಕೊಂಡು ಒಳಗಿರೋ ಬ್ರೇಕ್ ಎಣ್ಣೆ ಡಬ್ಬಿ ನೋಡು. ನಾನು ಕ್ಯಾಲಿಪರಿನ ಪಿಸ್ಟನ್ ಹಿಂದಕ್ಕೆ ತಿರುಗಿಸ್ತೀನಿ. ಉಕ್ಕಿ ಬಂದ್ರೆ ಕೂಗು. ಬಣ್ಣದ ಮೇಲೆ ಬ್ರೇಕ್ ಎಣ್ಣೆ ಬಿದ್ರೆ ಬಣ್ಣ ಕಿತ್ತು ಬರುತ್ತೆ, ಆಮೇಲೆ ಆ ಪುಣ್ಯಾತ್ಮ ನಮ್ಮನ್ನೇ ಹಿಡ್ಕೋತಾನೆ."

"ಯಾರನ್ನ ಹಿಡ್ಕೋತೀನಿ ಅಕ್ಕಾ?"

ಬಾಗಿಲಲ್ಲಿ ಕ್ಯಾಪ್ಟನ್ ನಿಂತಿದ್ದ.

ಅವನು ಯಾವ ಹಡಗಿನ ಕ್ಯಾಪ್ಟನ್ನೂ ಅಲ್ಲ, ಯಾವ ತಂಡದ ಕ್ಯಾಪ್ಟನ್ನೂ ಅಲ್ಲ. ಪ್ರವಾಸಿಗರನ್ನು ಗುಡ್ಡ ಹತ್ತಿಸಿ ಕಿರುಚಿಸಿ ಇಳಿಸಿಕೊಂಡು ಬರುವುದು ಅವನ ಉದ್ಯೋಗ. ಆ ಉದ್ಯೋಗಕ್ಕೆಂದು ಕೊಂಡ ಚಪ್ಪಟೆ ಟೋಪಿಯನ್ನು ಅವನು ಮಲಗುವಾಗಲೂ ತೆಗೆಯುವುದಿಲ್ಲ ಎಂದು ಅವನ ತಾಯಿಯೇ ಹೇಳುತ್ತಿದ್ದಳು.

"ನಾಳೆ ಅಂದಿದ್ರಲ್ಲ ಅಕ್ಕಾ?"

"ಅಂದಿದ್ದೆ. ಇವತ್ತು ಜಾಕ್ ಖಾಲಿ ಇತ್ತು. ನಿಮ್ಮಮ್ಮನ್ನ ಕೇಳಿದೆ, ಕೀಲಿಕೈ ಕೊಟ್ರು. ಕಟ್ಟಿ ಎಳ್ಕೊಂಡು ಬಂದೆ. ಬಟ್ಟೆ ಒಣಗಿಸೋಕೆ ಜಾಗ ಆಯ್ತು ಅಂತ ಖುಷಿಯಾಗಿದ್ರು ಪಾಪ."

"ಅಮ್ಮ ಯಾರು ಏನು ಕೇಳಿದ್ರೂ ಕೊಟ್ಟುಬಿಡ್ತಾಳೆ."

"ನಿನ್ನನ್ನೂ ಕೊಡ್ತೀನಿ ಅಂದ್ರು. ನಾನೇ ಬೇಡ ಅಂದೆ."

ಕ್ಯಾಪ್ಟನ್ ನಕ್ಕ. ಆದರೆ ಗುಬ್ಬಿ ನೋಡುತ್ತಿದ್ದಳು. ಗಾಡಿ ರಿಪೇರಿಗೆ ಬಿಟ್ಟವರು ಒಳಗೆ ಬಂದ ಕೂಡಲೇ ಹೊಸ ಸಾಮಾನಿನ ಕಡೆ ನೋಡುತ್ತಾರೆ. ಕ್ಯಾಪ್ಟನ್ ಹೊಸ ಡಿಸ್ಕಿನ ಕಡೆ ತಿರುಗಿಯೂ ನೋಡಲಿಲ್ಲ. ಅವನ ಕಣ್ಣು ನೇರವಾಗಿ ಗೋಣಿಯ ಮೇಲಿದ್ದ ಹಳೆಯದಕ್ಕೆ ಹೋಯಿತು. ಆಮೇಲೆ ಅವನು ಟೋಪಿ ತೆಗೆದ.

ಚಿಕ್ಕಮ್ಮ ಗುಬ್ಬಿಯ ಕಡೆ ಹುಬ್ಬು ಹಾರಿಸಿದಳು. ನೀನೇ ಕೇಳು ಎಂದು ಅದರ ಅರ್ಥ.

ಗುಬ್ಬಿ ಕೈಯನ್ನು ಬಟ್ಟೆಗೆ ಒರೆಸಿಕೊಂಡಳು. ಇದೂ ಒಂದು ಸಂದರ್ಶನವೇ, ಈ ಸಲ ಮೇಜಿನ ಆಚೆ ಬದಿಯಲ್ಲಿ ತಾನು. ಮೇಜೂ ಇಲ್ಲ. ಅವಳು ಬಾಗಿ ಪ್ಯಾಡನ್ನು ಎತ್ತಿಕೊಂಡು, ನಾಲ್ಕು ಹೆಜ್ಜೆ ನಡೆದು, ಅದನ್ನು ಕ್ಯಾಪ್ಟನ್ನಿನ ಅಂಗೈಯಲ್ಲಿಟ್ಟಳು. ಡಿಸ್ಕಿನ ಕಡೆ ಕೈ ತೋರಿಸಿದಳು.

"ಕೂರಿಸಿ," ಎಂದಳು.

"ಏನಮ್ಮಾ?"

"ಕೂರಿಸಿ ತೋರಿಸಿ."

ಅವನು ಕುಕ್ಕರುಗಾಲಲ್ಲಿ ಕೂತ. ಇಟ್ಟ. ಕುಲುಕಿತು. ತಿರುಗಿಸಿದ. ಕುಲುಕಿತು.

"ಇದು ಆ ಕಡೆ ಚಕ್ರದ್ದಿರಬೇಕು."

ಗುಬ್ಬಿ ಆ ಕಡೆಯ ಚಕ್ರದ್ದನ್ನೂ ಕೊಟ್ಟಳು. ಅವನು ಅದನ್ನೂ ಇಟ್ಟು ನೋಡಿದ. ಇದ್ದ ಪ್ಯಾಡುಗಳನ್ನೆಲ್ಲ ಎರಡೂ ಡಿಸ್ಕಿನ ಎರಡೂ ಮುಖಕ್ಕೆ ಇಟ್ಟು ನೋಡಿದ. ಹಣೆಯಲ್ಲಿ ಬೆವರು ಬಂತು. ಗೋಡೆಯಾಚೆ ಟೈಲರಿನ ಮಿಷನ್ ಕಟಕಟ ಎನ್ನುತ್ತಿತ್ತು.

"ಸಾಕು ಬಿಡಪ್ಪ," ಎಂದಳು ಚಿಕ್ಕಮ್ಮ. "ನೀನು ಸಂಜೆವರೆಗೂ ಇಟ್ರೂ ಈ ಸಂಬಂಧ ಕುದುರಲ್ಲ."

"ಸರಿ ಅಕ್ಕಾ. ಡಿಸ್ಕು ಬದಲಾಯಿಸಿದೆ. ಅದೇನು ಅಪರಾಧನಾ?"

"ಹಳೇದು ತೆಗೆದು ಹೊಸದು ಹಾಕಿದ್ರೆ ಅದು ರಿಪೇರಿ. ಹೊಸದು ತೆಗೆದು ಗುಜರಿ ಹಾಕಿದ್ರೆ ಅದಕ್ಕೆ ಬೇರೆ ಹೆಸರಿದೆ. ಬೆಟ್ಟ ಹತ್ತಿದ್ಯೋ, ಇಲ್ವೋ?"

ಕ್ಯಾಪ್ಟನ್ ಟೋಪಿಯ ಅಂಚನ್ನು ಬೆರಳಲ್ಲಿ ಸುತ್ತಿದ.

"ಹತ್ತಿದೆ."

"ಪೆಟ್ಟಿಗೆ ಇಳಿಸಿದ್ಯೋ, ಇಲ್ವೋ?"

"ಇಳಿಸಿದೆ."

ಗುಬ್ಬಿಗೆ ಕಿವಿಯಲ್ಲಿ ಹೊಸ ಡಿಸ್ಕು ಹಾಡಿದಂತಾಯಿತು. ಚಿಕ್ಕಪ್ಪ ಇವತ್ತು ರಾತ್ರಿ ಮನೆಯಲ್ಲೇ ಮಲಗುತ್ತಾನೆ. ಬೆಳಿಗ್ಗೆ ಎದ್ದು ಚಿಕ್ಕಮ್ಮನ ಸೀರೆಯನ್ನು ಪರದೆ ಎನ್ನುತ್ತಾನೆ. ಅಷ್ಟು ಸಾಕು.

"ಎಲ್ಲಿದೆ ಅದು?" ಚಿಕ್ಕಮ್ಮ ಪಾನವನ್ನು ಅವನತ್ತ ಚಾಚಿದಳು.

"ಅದು ಹೇಳೋ ಹಾಗಿಲ್ಲ. ಮಾತು ಕೊಟ್ಟಿದ್ದೀನಿ."

"ಕದ್ದ ಮಾಲಿಗೆ ಮಾತು ಬೇರೆ ಕೊಡ್ತಾರಾ?"

"ಕದ್ದಿದ್ದಲ್ಲ ಅಕ್ಕಾ." ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ. "ನಾನು ಬೀಗ ಒಡೆದಿಲ್ಲ, ಬಾಗಿಲು ಮುರಿದಿಲ್ಲ. ಬಾ ಅಂದ್ರು, ಹೋದೆ. ಹಿಡ್ಕೋ ಅಂದ್ರು, ಹಿಡ್ಕೊಂಡೆ. ಹುಷಾರಾಗಿ ಇಳಿಸು ಅಂದ್ರು, ಹೊಸ ಡಿಸ್ಕು ಹಾಕ್ಕೊಂಡು ಇಳಿಸಿದೆ. ಇನ್ನು ಕೇಳ್ಬೇಡಿ."

"ಯಾರು ಅಂದ್ರು?"

ಕ್ಯಾಪ್ಟನ್ ಟೋಪಿಯೊಳಗೆ ಇಣುಕಿ ನೋಡಿದ.

"ಇದನ್ನಾದ್ರೂ ಹೇಳು. ಈ ಹಾಳು ಡಿಸ್ಕು ಎಲ್ಲಿಂದ ತಂದೆ?"

"ಎಲ್ಲೋ. ಗುಜರಿ ಅಂಗಡೀಲಿ."

ಗುಬ್ಬಿ ಪ್ಯಾಡುಗಳನ್ನು ಡಬ್ಬಕ್ಕೆ ಹಾಕಿ, ಡಿಸ್ಕುಗಳನ್ನು ಸಾಕ್ಷಿಗೆಂದು ಗೋಡೆಗೆ ಒರಗಿಸಿಡಲು ಹೋದಳು. ಕ್ಯಾಪ್ಟನ್ ಹಾಗೂ ಹೀಗೂ ತಿರುವಿ ಬಿಟ್ಟಿದ್ದರಿಂದ ಒಂದರ ಬೆನ್ನು ಮೇಲಾಗಿತ್ತು. ಅದರ ಒಳ ಅಂಚಿನ ಮೇಲೆ ಎರಡು ಕಚ್ಚುಗಳಿದ್ದವು. ಅಕ್ಕಪಕ್ಕ, ನೇರ, ಗರಗಸದಿಂದ ಕೊಯ್ದದ್ದು. ಇನ್ನೊಂದನ್ನು ಮಗುಚಿದಳು. ಅಲ್ಲಿಯೂ ಅದೇ ಎರಡು ಕಚ್ಚು.

ಅವಳಿಗೆ ಅವು ಗ್ಯಾರೇಜಿನ ಗೋಡೆಯಷ್ಟೇ ಪರಿಚಿತ. ಇಲ್ಲಿ ಬಿಚ್ಚಿದ ಪ್ರತಿಯೊಂದು ಸತ್ತ ಡಿಸ್ಕಿಗೂ ಚಿಕ್ಕಮ್ಮ ಗರಗಸದಿಂದ ಎರಡು ಕಚ್ಚು ಹಾಕುತ್ತಿದ್ದಳು. ಯಾವ ಮೋಸಗಾರನೂ ಅದನ್ನು ಉಜ್ಜಿ, ಹೊಳಪು ಕೊಟ್ಟು, ಒಳ್ಳೆಯದೆಂದು ಇನ್ನೊಬ್ಬರ ಗಾಡಿಗೆ ಹಾಕಬಾರದೆಂದು.

ಗುಬ್ಬಿ ಡಿಸ್ಕನ್ನು ಮೆಲ್ಲಗೆ ಚಿಕ್ಕಮ್ಮನ ಎದುರು ಹಿಡಿದಳು.

ಚಿಕ್ಕಮ್ಮ ಕಚ್ಚುಗಳ ಮೇಲೆ ಹೆಬ್ಬೆರಳು ಆಡಿಸಿದಳು.

"ನನ್ನ ಗುಜರಿ ಯಾವ ಅಂಗಡಿಗೂ ಹೋಗಲ್ಲ ಕಣಯ್ಯಾ," ಎಂದಳು. "ನೇರ ಕುಲುಮೆಗೆ ಹೋಗುತ್ತೆ. ಈ ಸಲದ್ದು ಇನ್ನೂ ಹೋಗಿಲ್ಲ. ಹಿತ್ತಲ ಕೋಣೇಲಿ ಬೀಗ ಹಾಕಿ ಇಟ್ಟಿದ್ದೀನಿ."

"ಬೀಗ ನಾನು ಮುಟ್ಟಿಲ್ಲ ಅಕ್ಕಾ. ದೇವರಾಣೆ."

"ಗೊತ್ತು. ಬೆಳಿಗ್ಗೆ ನೋಡಿದ್ದೀನಿ. ಬೀಗ ಬೀಗದ ಹಾಗೇ ಇದೆ."

ಆ ಕೋಣೆಗೆ ಇದ್ದದ್ದು ಎರಡು ಕೀಲಿಕೈ. ಒಂದು ಸದಾ ಚಿಕ್ಕಮ್ಮನ ಸೊಂಟದಲ್ಲಿ. ಇನ್ನೊಂದು ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಲ್ಲಿ. ಹೊರಗಿನವರಿಗೆ ಆ ಮೊಳೆ ಇರುವುದೇ ಗೊತ್ತಿಲ್ಲ. ಮನೆಯಲ್ಲಿರುವವರು ಮೂವರು. ಚಿಕ್ಕಮ್ಮ ಕೊಟ್ಟಿಲ್ಲ. ಗುಬ್ಬಿ ಕೊಟ್ಟಿಲ್ಲ.

ಗುಬ್ಬಿ ಅಲ್ಲಿಗೇ ಯೋಚನೆ ನಿಲ್ಲಿಸಲು ನೋಡಿದಳು. ಅದು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಬಿಟ್ಟ ಗಾಡಿಯ ಹಾಗೆ ತಾನೇ ತಾನಾಗಿ ಉರುಳುತ್ತ ಹೋಯಿತು.

"ಅದಕ್ಕೇ ಹೇಳಿದ್ದು," ಎಂದ ಕ್ಯಾಪ್ಟನ್, ತಲೆ ತಗ್ಗಿಸಿ. "ನಾಳೆ ಮಾಡಿ ಅಂತ. ಕೇಳ್ಬೇಡಿ ಅಂತ. ನಿಮಗೇ ಒಳ್ಳೇದು ಅಂತ."

ಹೊರಗೆ ಬೈಕು ಬಂದು ನಿಂತ ಸದ್ದಾಯಿತು.

ಇನ್ಸ್‌ಪೆಕ್ಟರು. ಸಂಜೆ ಎಂದವರು ಬಿಸಿಲಿರುವಾಗಲೇ ಬಂದಿದ್ದರು. ಅವರ ಬೆನ್ನ ಹಿಂದೆ, ಸೀಟಿನ ತುದಿಯಲ್ಲಿ, ತೊಡೆಯ ಮೇಲೆ ಗೋಣಿಚೀಲವೊಂದನ್ನು ಮಗುವಿನಂತೆ ತಬ್ಬಿಕೊಂಡು ಚಿಕ್ಕಪ್ಪ ಕೂತಿದ್ದ.

"ಏನಮ್ಮಾ, ಚೆನ್ನಾಗಿದ್ದೀರಾ?" ಇನ್ಸ್‌ಪೆಕ್ಟರು ಹೆಲ್ಮೆಟ್ ತೆಗೆಯುತ್ತ ಕೇಳಿದರು. ಎಂಥ ಕೇಸಿನಲ್ಲೂ ಅವರು ನಗುವುದನ್ನು ಮರೆಯುತ್ತಿರಲಿಲ್ಲ. "ನಿಮ್ಮ ಯಜಮಾನ್ರನ್ನ ಮಾತಾಡಿಸೋಣ ಅಂತ ಹೊರಟೆ. ಇವರು ದಾರೀಲೇ ಸಿಕ್ರು. ಈ ಮೂಟೆ ಹೊತ್ಕೊಂಡು ಏದುಸಿರು ಬಿಡ್ತಾ ನಡೀತಿದ್ರು. ಪಾಪ ಅಂತ ಹತ್ತಿಸ್ಕೊಂಡೆ. ಗಾಡಿ ಎಳೀಲೇ ಇಲ್ಲ. ಏನ್ರೀ ಇದು ಅಂದೆ."

"ಏನಂದ್ರು?" ಎಂದಳು ಚಿಕ್ಕಮ್ಮ. ದನಿ ಅವಳದಾಗಿರಲಿಲ್ಲ.

"ಆಲೂಗಡ್ಡೆ ಅಂತೆ."

ಚಿಕ್ಕಪ್ಪ ಬೈಕಿನಿಂದ ಇಳಿದು ಎರಡು ಹೆಜ್ಜೆ ಒಳಗಿಟ್ಟ. ಆಗ ಅವನಿಗೆ ಜಾಕಿನ ಮೇಲೆ ನಿಂತ ಗಾಡಿ ಕಂಡಿತು. ಕಳಚಿದ ಚಕ್ರಗಳು ಕಂಡವು. ತನ್ನ ಮದುವೆ ಕೋಟಿನ ಹ್ಯಾಂಗರು, ಕ್ಯಾಪ್ಟನ್ನಿನ ಬೋಳು ತಲೆ, ಗುಬ್ಬಿಯ ಕೈಯಲ್ಲಿದ್ದ ಡಿಸ್ಕು ಕಂಡವು.

"ಆಗಲೇ ಬಿಚ್ಚಿಬಿಟ್ರಾ?" ಎಂದ. "ನಾಳೆ ಅಲ್ವಾ?"

ಅವನ ತೋಳು ಸಡಿಲವಾಯಿತು. ಚೀಲ ಜಾರಿ ಕಲ್ಲಿನ ನೆಲಕ್ಕೆ ಬಿತ್ತು.

ಠಣ್!

ಸದ್ದು ತಗಡಿನ ಛಾವಣಿಯವರೆಗೂ ಏರಿ, ಅಲ್ಲಿಯೇ ಸುತ್ತುತ್ತ ಉಳಿಯಿತು. ಇನ್ಸ್‌ಪೆಕ್ಟರು ಚೀಲದ ಕಡೆ ನೋಡಿದರು. ಕ್ಯಾಪ್ಟನ್ ಟೋಪಿ ಹಾಕಿಕೊಂಡು ಅದರೊಳಗೇ ಅಡಗಲು ನೋಡಿದ. ಚಿಕ್ಕಪ್ಪ ಚಿಕ್ಕಮ್ಮನ ಮುಖವನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದ.

ಮದುವೆಯಾದ ದಿನದಿಂದ ಇವತ್ತಿನವರೆಗೆ ಒಂದೂ ಸುಳ್ಳು ಹೇಳದ ಮನುಷ್ಯ, ಮೊದಲ ಸುಳ್ಳನ್ನು ಪೊಲೀಸಿನವರ ಬೈಕಿನ ಮೇಲೆಯೇ ಹೇಳಿದ್ದ.

ಚಿಕ್ಕಮ್ಮ ಉಸಿರು ಎಳೆದುಕೊಂಡಳು. ಮೊದಲನೆಯದನ್ನೂ ಎರಡನೆಯದನ್ನೂ ಬಿಟ್ಟು, ಬೆಳಗಿನಿಂದ ಯಾವ ಸ್ಕ್ರೂಗೂ ಖರ್ಚಾಗದೆ ಉಳಿದಿದ್ದ ಮೂರನೆಯದನ್ನು, ಇಡೀ ಬೀದಿಗೆ ಕೇಳುವಂತೆ, ಕಟ್ಟಿಕೊಂಡ ಗಂಡನ ಮುಖದ ಮೇಲೆ ಹೇಳಿದಳು.

ಗೋಡೆಯಾಚೆ ಮಿಷನ್ ನಿಂತಿತು.

"ಬಂತಾ ಅಕ್ಕಾ?" ಎಂದ ಟೈಲರು.